ಬಳೆ ಮುಳುಗುವಷ್ಟು

ಓಣಿಯ ತಿರುವಿನಲ್ಲೇ ಬದ್ರುದ್ದೀನನ ಅರಳೆ ಹಿಂಜುವ ಬಿಲ್ಲಿನ ಸದ್ದು ಕೇಳಿಸಿತು. ಟಂಯ್, ಟಂಯ್, ಒಂದು ಸಣ್ಣ ಬಿಡುವು, ಮತ್ತೆ ಟಂಯ್. ವೈಜನಾಥ ನಿಂತ. ಇಲ್ಲಿಂದಲೇ ಹಿಂದಿರುಗಿ, ಅಂಗಡಿ ಮುಚ್ಚಿತ್ತು ಅಂತ ಹೇಳಿಬಿಡಬಹುದು. ಭಾನುವಾರ; ಹುಮನಾಬಾದಿನ ಅರ್ಧ ಅಂಗಡಿಗಳು ಮುಚ್ಚಿಯೇ ಇರುತ್ತವೆ, ನಂಬುವ ಮಾತೇ. ಆದರೆ ಅತ್ತೆ ಸೂಗಮ್ಮ ನಂಬಿದರೂ ಸುಮ್ಮನಾಗುವವಳಲ್ಲ, ಹಂಗಾದ್ರ ಗಾದಿ ಕಲ್ಯಾಣದಾಗೇ ಹೊಲಿಸೋಣ ಅನ್ನುತ್ತಾಳೆ, ಹೊಲಿಸಿಯೂ ಬಿಡುತ್ತಾಳೆ, ಬೂರಗದ ಅರಳೆ ತುಂಬಿ, ಮೋಡದಂಥದು. ಅದಕ್ಕಿಂತ ತಾನೇ ಒಯ್ಯುವುದು ಲೇಸು. ಒಂದು ಗಟ್ಟಿ ಗಾದಿ. ಯಾರೂ ಯಾಕೆ ಎಂದು ಕೇಳದ ಹಾಗೆ ಒಂದು ಗಟ್ಟಿ ಗಾದಿ. ವಾರದಿಂದ ಶಾಲೆಯಲ್ಲಿ ಹುಡುಗರ ಹಾಜರಿ ಕೂಗುವಾಗ, ಊಟ ಮಾಡುವಾಗ, ಬಾವಿಯ ಹಗ್ಗ ಎಳೆಯುವಾಗ ಅವನು ಯೋಚಿಸಿದ್ದು ಇಷ್ಟನ್ನೇ. ಹೆಂಡತಿ ಮಾಣಿಕಮ್ಮ ಬಾಣಂತನಕ್ಕೆ ಬಸವಕಲ್ಯಾಣದ ತವರಿಗೆ ಹೋಗಿ ಐದು ತಿಂಗಳಾಗಿತ್ತು. ಹೆಣ್ಣು ಕೂಸಿಗೆ ಮೂರೂವರೆ ತಿಂಗಳು. ಇವತ್ತು ಗಾದಿ ಒಯ್ದು ಇಬ್ಬರನ್ನೂ ಕರೆತರಬೇಕು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ತೊಟ್ಟಿಲು ತವರಿನವರದು, ತೊಟ್ಟಿಲೊಳಗಿನ ಗಾದಿ ಅಪ್ಪನದು. ಬಾಣಂತಿ ಹೊರಡುವ ದಿನ ಅಪ್ಪ ತಂದ ಗಾದಿಯನ್ನು ಪಡಸಾಲೆಯಲ್ಲಿ ಹಾಸಿ, ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಮುಷ್ಟಿ ಕಟ್ಟಿ ಅದರೊಳಗೆ ಒತ್ತಿ ನೋಡುತ್ತಾರೆ. ಕೈಯ ಬಳೆ ಮುಳುಗಬೇಕು. ಮುಳುಗಿದರೆ ಕೂಸಿನ ಬಾಳು ಮೆತ್ತಗೆ, ಅಪ್ಪನ ಕೈ ದೊಡ್ಡದು. ಮುಳುಗದಿದ್ದರೆ ಏನಾಗುತ್ತದೆ ಎಂದು ಅವನು ಕೇಳಿರಲಿಲ್ಲ, ಯಾಕೆಂದರೆ ಮೂರು ವರ್ಷದ ಹಿಂದೆ ಐವರ ಬಳೆಯೂ ಮುಳುಗಿತ್ತು. ಆಗ ಇದೇ ಅಂಗಡಿಯ ಮುಂದೆ ನಿಂತು, ಹೊಸ ನೌಕರಿಯ ಇಸ್ತ್ರಿ ಅಂಗಿಯಲ್ಲಿ, ಬಳಿ ಮುಳುಗಬೇಕು ನೋಡು ಬದ್ರುದ್ದೀನ, ಕೂಸು ಎಲ್ಲದ ಅಂತ ಹುಡುಕಬೇಕು ಅವರು, ಅಂದಿದ್ದ. ಹುಡುಕಬೇಕು ಅವರು. ಆ ಮಾತು ಆಡಿದ ಬಾಯಿ ಇದೇ.

“ಅರೆ ಮಾಸ್ತರ್ ಸಾಬ್! ಬರ್ರಿ ಬರ್ರಿ. ಎಷ್ಟ್ ವರ್ಷಾತು, ಈ ಓಣಿ ಮರ್ತೇಬಿಟ್ರಿ?”

ಬದ್ರುದ್ದೀನನ ಹುಬ್ಬು, ರೆಪ್ಪೆ, ಗಡ್ಡ ಎಲ್ಲದರ ಮೇಲೂ ಅರಳೆಯ ಧೂಳು ಕೂತಿತ್ತು. ಅವನು ಬಿಲ್ಲನ್ನು ಗೋಡೆಗೆ ಆನಿಸಿ, ಕಟ್ಟೆಯ ಮೇಲಿನ ಅರಳೆಯನ್ನು ಅಂಗೈಯಿಂದ ಸರಿಸಿ ಜಾಗ ಮಾಡಿದ. ವೈಜನಾಥ ಕೂರಲಿಲ್ಲ. ಸಣ್ಣ ಗಾದಿ ಬೇಕು, ಮಧ್ಯಾಹ್ನದ ಬಸ್ಸಿಗೆ ಹೋಗಬೇಕು ಎಂದ.

“ಸಣ್ಣ ಗಾದಿ?” ಬದ್ರುದ್ದೀನನ ಮುಖ ಅರಳಿತು. ಒಳಕ್ಕೆ ತಿರುಗಿ ಕೂಗಿದ. “ಏ ಸರ್ದಾರಬಿ, ಕೇಳಿದೇನು? ಮಾಸ್ತರ್ ಸಾಬರಿಗೆ ಎರಡನೇದು!” ಮತ್ತೆ ಇವನ ಕಡೆ ತಿರುಗಿ, “ಮುಬಾರಕ್ ರಿ. ಮೊದಲ್ನೇದು ಹ್ಯಾಂಗ ಅದಾನ? ಗಂಡಲ್ಲ ಅದು?”

ಇಲ್ಲ ಅನ್ನಬೇಕಿತ್ತು. ಇಲ್ಲ ಅನ್ನುವುದಕ್ಕೆ ಎರಡೇ ಅಕ್ಷರ. ಆದರೆ ಅದರ ಹಿಂದೆ ಯಾವಾಗ ಬರುತ್ತದೆ, ಹ್ಯಾಂಗ ಬರುತ್ತದೆ, ಈ ಮನುಷ್ಯ ಅರಳೆಯ ಕೈಯನ್ನು ಎದೆಗೆ ಒತ್ತಿಕೊಳ್ಳುವುದು ಬರುತ್ತದೆ, ಆಮೇಲೆ ಅವನು ತನ್ನದೇ ಬೆರಳುಗಳನ್ನು ನೋಡಿಕೊಳ್ಳುವುದು ಬರುತ್ತದೆ.

“ಅದಾನ,” ಎಂದ ವೈಜನಾಥ.

“ಮೂರು ತುಂಬಿರಬೇಕು. ಓಡಾಡಾಕತ್ತಾನೋ?”

“ಓಡಾಕತ್ತಾನ.”

ಎಷ್ಟು ಸಲೀಸಾಗಿ ಬಂತು! ತಾನು ಬಯಸದಿದ್ದರೂ ಅವನಿಗೆ ಆ ಕ್ಷಣ ಹುಡುಗ ಕಂಡೇಬಿಟ್ಟ. ಮನೆಯ ಹಿಂದಿನ ಬೇಲಿಯ ಗುಂಟ, ಉಡಿದಾರ ಒಂದೇ ಉಟ್ಟು, ಹಿಂದಿರುಗಿ ನೋಡುತ್ತ ಓಡುತ್ತಿದ್ದ. ಮುಖ ಮಾತ್ರ ಕಾಣಲಿಲ್ಲ. ಮುಖ ಯಾವತ್ತೂ ಕಾಣುತ್ತಿರಲಿಲ್ಲ. ದಿಗಂಬರ ಎಂದು ಹೆಸರಿಟ್ಟಿದ್ದರು. ನಾಲ್ಕೂವರೆ ತಿಂಗಳು, ಹೊರಳುವುದು ಕಲಿತು ಮೂರು ದಿನವಾಗಿತ್ತು. ಬೆಳಗಿನ ನಸುಕಿನಲ್ಲಿ ವೈಜನಾಥನಿಗೆ ಎಚ್ಚರವಾದಾಗ ಕೂಸು ಬೋರಲಾಗಿ, ಗಾದಿಯ ನಡುವಿನ ಕುಳಿಯಲ್ಲಿ ಮುಖ ಹುದುಗಿಸಿ ಮಲಗಿತ್ತು. ಅಷ್ಟು ಅಚ್ಚುಕಟ್ಟಾಗಿ, ಆ ಕುಳಿ ಅದಕ್ಕೆಂದೇ ಮಾಡಿದ್ದೋ ಅನ್ನುವ ಹಾಗೆ. ಅವನು ಅದನ್ನು ಹೊರಳಿಸಿ ಅಂಗಾತ ಹಾಕಿದ; ಮೈ ತಣ್ಣಗಾಗಿತ್ತು. ಮೂಗಿನ ತುದಿಯಲ್ಲಿ ಚಪ್ಪಟೆ ಗುರುತು ಇತ್ತು, ಅದನ್ನು ಬೆರಳಿನಿಂದ ತೀಡಿದ. ಗಾದಿಯ ಕುಳಿಯನ್ನು ಅಂಗೈಯಿಂದ ತಟ್ಟಿ ಸಮ ಮಾಡಿದ. ಆಮೇಲೆ ಏನು ಮಾಡಿದ? ಆಮೇಲೆ ತನ್ನ ಹಾಸಿಗೆಗೆ ಹೋಗಿ, ಕಣ್ಣು ಮುಚ್ಚಿ, ಹೆಂಡತಿ ಎದ್ದು ಕೂಗುವುದನ್ನು ಕಾಯುತ್ತ ಮಲಗಿದ.

“ಅದೇ ನಮೂನಿ ಮಾಡ್ಲಿ? ಬೂರಗದ್ದು ಬಂದದ, ಹೊಸಾದು. ಮುಟ್ಟಿ ನೋಡ್ರಿ, ಕೈಗೆ ಹತ್ತೋದೇ ಇಲ್ಲ.”

“ಬ್ಯಾಡ. ಹೊಲದ ಅರಳಿ ಹಾಕು. ಗಟ್ಟಿ ಹಾಕು.”

“ಗಟ್ಟಿ ಅಂದ್ರ?”

“ಒತ್ತಿ ಒತ್ತಿ ತುಂಬು. ತಲಿ ಇಳೀಬಾರದು.”

ಬದ್ರುದ್ದೀನ ಅವನನ್ನು ನೋಡಿದ. “ಕೂಸಿಗೋ, ತಾಲೀಮಿನ ಪೈಲ್ವಾನಗೋ?” ನಕ್ಕ. ವೈಜನಾಥ ನಗಲಿಲ್ಲ. “ನಿಮ್ಮ ಬೀಗರ ಮನ್ಯಾಗ ಮುಷ್ಟಿ ಒತ್ತತಾರ ಅಂತ ನೀವ ಹೇಳಿದ್ರಲ್ಲ. ಬದ್ರುದ್ದೀನ ಅರಳಿ ಕದ್ದಾನ ಅಂತ ನನ್ನ ಹೆಸರಿಗೆ ಬರತದ್ರಿ.”

“ನಾ ಹೇಳ್ತೀನಿ ಅವರಿಗೆ.”

“ಏನಂತ ಹೇಳ್ತೀರಿ?”

ವೈಜನಾಥ ಎದುರಿನ ಗೋಡೆ ನೋಡಿದ. ಸುಣ್ಣದ ಮೇಲೆ ಕುಟುಂಬ ಯೋಜನೆಯ ದೊಡ್ಡದೊಂದು ಕೆಂಪು ತ್ರಿಕೋನ, ಪಕ್ಕದಲ್ಲಿ ನಾಲ್ಕು ಮುಖಗಳು, ಅಪ್ಪ, ಅವ್ವ, ಒಂದು ಗಂಡು, ಒಂದು ಹೆಣ್ಣು. ಎರಡು ಸಾಕು. ಶಾಲೆಗೆ ಹೊಸದಾಗಿ ಬಂದ ಹೆಡ್ಮಾಸ್ತರರೂ ಮೊನ್ನೆ ನಿಮ್ಮವು ಎರಡಾದವಲ್ಲ ಎಂದು ಆಪರೇಷನ್ನಿನ ಪಟ್ಟಿ ಹಿಡಿದು ಬಂದಿದ್ದರು. ಅವರಿಗೂ ಅವನು ಹೌದ್ರಿ ಅಂದಿದ್ದ.

ಬಿಲ್ಲು ಮತ್ತೆ ಮಿಡಿಯತೊಡಗಿತು. ಒರಟು ಅರಳೆ ಎದ್ದು, ಬಿಡಿಸಿಕೊಂಡು, ಮಲಗುತ್ತಿತ್ತು. ಸರ್ದಾರಬಿ ಹೊಸಿಲ ಬಳಿ ಕೂತು ನೀಲಿ ಗೆರೆಯ ಬಟ್ಟೆಯ ಖೋಳ ಹೊಲಿದು ಕೊಟ್ಟಳು. ಬದ್ರುದ್ದೀನ ಮೊಣಕಾಲೂರಿ, ಮುಖ ಗಂಟಿಕ್ಕಿ, ಅರಳೆಯನ್ನು ಗುದ್ದಿ ಗುದ್ದಿ ತುಂಬಿದ. ಪ್ರತಿ ಗುದ್ದಿನಲ್ಲೂ ಒಂದು ಬೇಸರವಿತ್ತು. ದಪ್ಪ ಸೂಜಿಯಿಂದ ಅಲ್ಲಲ್ಲಿ ಆರುಪಾರು ಟಾಕು ಹಾಕಿ ಹೊಲಿದು ಮುಗಿಸುವಾಗ ಹನ್ನೊಂದು ದಾಟಿತ್ತು. ಯಾರೂ ನೋಡದಾಗ ವೈಜನಾಥ ತನ್ನ ಮುಷ್ಟಿ ಒತ್ತಿ ನೋಡಿದ. ಒಂದು ಬೆರಳಗಲ ಇಳಿಯಿತು, ಅಷ್ಟೇ. ಎದೆ ಹಗುರಾಯಿತು. ಆಮೇಲೆ ತುಸು ಬಗ್ಗಿ, ಕೆನ್ನೆ ಇಟ್ಟು, ಮುಖವನ್ನೇ ಅದಕ್ಕೆ ಒತ್ತಿ ಉಸಿರೆಳೆದ. ಉಸಿರು ಬಂತು. ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು. ತಲೆಯೆತ್ತಿದಾಗ ಸರ್ದಾರಬಿ ಅವನನ್ನೇ ನೋಡುತ್ತಿದ್ದಳು.

“ಅಣ್ಣಾ, ಇದು ತಗೋರಿ,” ಎಂದಳು. ಅವಳ ಕೈಯಲ್ಲಿ ಒಂದು ಪುಟ್ಟ ಕೆಂಪು ದಿಂಬು ಇತ್ತು. “ಬೂರಗದ್ದೇ ತುಂಬೀನಿ. ದೊಡ್ಡವಗ. ಸಣ್ಣದಕ್ಕಷ್ಟೇ ತಂದ್ರ ಅವಗ ಹೊಟ್ಟಿಕಿಚ್ಚು ಬರತದ. ನಿನಗೂ ಅದಪಾ ಅಂತ ಕೈಗೆ ಕೊಟ್ಟುಬಿಡ್ರಿ.”

“ಬ್ಯಾಡಮ್ಮಾ...”

“ರೊಕ್ಕ ಬ್ಯಾಡ್ರಿ, ನನ್ನ ಕಡಿಂದ. ಹೆಸರೇನು ಅವಂದು?”

“ದಿಗಂಬರ.”

“ದಿಗಂಬರಗ ಅಂತ ಹೇಳಿ ಕೊಡ್ರಿ, ಹೊಲಿದಾಕಿ ಸರ್ದಾರಬಿ ಅಂತ.”

ಬಸ್ಸಿನಲ್ಲಿ ಅವನು ಗಾದಿಯನ್ನು ಸುರುಳಿ ಸುತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದ. ದಿಂಬು ಕಂಕುಳಲ್ಲಿತ್ತು. ತೂಕವೇ ಇರಲಿಲ್ಲ ಅದಕ್ಕೆ; ಅಲ್ಲಿ ಇದೆಯೋ ಇಲ್ಲವೋ ಎಂದು ಆಗಾಗ ಒತ್ತಿ ನೋಡಿಕೊಳ್ಳಬೇಕಾಗುತ್ತಿತ್ತು, ಒತ್ತಿದಾಗಲೆಲ್ಲ ಅದು ಕಂಕುಳ ಬಿಸಿಯನ್ನು ಹೀರಿಕೊಂಡು ಇನ್ನಷ್ಟು ಜೀವಂತವಾಗುತ್ತಿತ್ತು. ಪಕ್ಕದಲ್ಲಿ ಹುಲಸೂರಿಗೆ ಹೊರಟ ಮುದುಕಿಯೊಬ್ಬಳು ಎಲೆ ಮಡಚುತ್ತ, ಕೂಸಿಂದೇನಪಾ ಅಂದಳು. ಹೌದು ಅಂದ. ಅವಳು ಕೇಳದೆಯೇ ಕೈ ಚಾಚಿ ಮುಷ್ಟಿ ಒತ್ತಿ, “ಅಯ್ಯ, ಇದೇನು ಕಡಪಾ ಕಲ್ಲೋ,” ಎಂದು ಹಿಂದಿನ ಸೀಟಿನವರಿಗೂ ಹೇಳಿ ನಕ್ಕಳು. ರಾಜೇಶ್ವರದಲ್ಲಿ ಬಸ್ಸು ನಿಂತಾಗ ದಿಂಬನ್ನು ಕಿಟಕಿಯಿಂದ ಹೊರಗೆ ಬೀಳಿಸಿಬಿಡಬೇಕೆಂದು ಕೈ ಎತ್ತಿದ. ಕೆಳಗೆ ಒಬ್ಬಳು ಪೇರಲಹಣ್ಣಿನ ಬುಟ್ಟಿ ಎತ್ತಿ ಅವನ ಕೈಯನ್ನೇ ನೋಡುತ್ತಿದ್ದಳು; ಕೈ ಇಳಿಸಿದ. ದಿಗಂಬರನ ಆ ಹಳೆಯ ಗಾದಿಯನ್ನು ಅವನು ಊರ ಹೊರಗಿನ ಪಾಳುಬಾವಿಗೆ ಎಸೆದಿದ್ದ, ಮುಳುಗುತ್ತದೆ ಅಂದುಕೊಂಡಿದ್ದ. ಅದು ಮೂರು ದಿನ ತೇಲಿತು. ಮೂರು ದಿನವೂ ಸಂಜೆ ಸುತ್ತುಬಳಸಿ ಹೋಗಿ ಬಗ್ಗಿ ನೋಡಿ ಬಂದಿದ್ದ.

ಮನೆಯಲ್ಲಿ ಆ ಮೂರು ದಿನವೂ ಸೂಗಮ್ಮ ಇದ್ದಳು. ಅಳುತ್ತ ಅಳುತ್ತಲೇ ಅವಳು ಕಾರಣ ಹುಡುಕಿದ್ದಳು, ಹುಡುಕಿ ತೆಗೆದಿದ್ದಳು: ಹಿಂದಿನ ದಿನ ಮಾಣಿಕಮ್ಮ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದು ಹಾಗೇ ಮೊಲೆಗೆ ಹಾಕಿದ್ದಳು. “ಕಾದ ಹಾಲು ಕುಡಿಸಿದಿ. ಎದಿಹಾಲು ಕಾದ್ರ ಕೂಸಿಗೆ ನಂಜಾಗತದ, ಎಷ್ಟ್ ಸಲ ಹೇಳೀನಿ!” ಮಾಣಿಕಮ್ಮ ಎದುರಾಡಲಿಲ್ಲ. ಗಂಡನ ಮುಖ ನೋಡಿದಳು, ಒಂದೇ ಸಲ. ಅಲ್ಲ ಅನ್ನುತ್ತಾನೇನೋ ಎಂದು ನೋಡಿದ್ದಳು. ಅವನು ಹೊರಗೆ ಬಂದವರಿಗೆ ನೀರು ಕೊಡಲು ಎದ್ದುಹೋಗಿದ್ದ. ಅಂದಿನಿಂದ ಆ ಮಾತು ಹಾಗೇ ನಿಂತಿತು, ಮನೆಯ ಒಂದು ಸಾಮಾನಿನ ಹಾಗೆ. ಈ ಕೂಸು ಹುಟ್ಟಿದ ಮೇಲೆ ಅವನು ನೋಡಲು ಬಂದಾಗಲೆಲ್ಲ ಕಂಡಿದ್ದ: ಮಾಣಿಕಮ್ಮ ಪ್ರತಿಸಲ ಹಾಲು ಕೊಡುವ ಮುಂಚೆ ಅಂಗಳದ ಕಡೆ ತಿರುಗಿ, ನಾಲ್ಕೈದು ಎಳೆ ಹಾಲನ್ನು ನೆಲಕ್ಕೆ ಹಿಂಡುತ್ತಿದ್ದಳು, ಒಂದು ಹನಿ ಮುಂಗೈಗೆ ಬಿಟ್ಟು ಬಿಸಿ ನೋಡುತ್ತಿದ್ದಳು. ಕೂಸು ಚೀರಿ ಕೆಂಪಾದರೂ ಬಿಡುತ್ತಿರಲಿಲ್ಲ. ಆಗಲೂ ಅವನು ಪೇಪರು ಮಡಚಿ ಎದ್ದುಹೋಗುತ್ತಿದ್ದ.

ಕಲ್ಯಾಣದಲ್ಲಿ ಇಳಿಯುವಾಗ ದಿಂಬನ್ನು ಸೀಟಿನ ಮೂಲೆಗೆ ಒತ್ತಿಟ್ಟು ಬೇಗ ಬೇಗ ಇಳಿದ. ಹತ್ತು ಹೆಜ್ಜೆ ಹೋಗಿರಲಿಲ್ಲ, ಕಂಡಕ್ಟರ್ ಕಿಟಕಿಯಿಂದ ಅರ್ಧ ಹೊರಬಂದು, “ಏ ಗಾದಿ ಸಾವಕಾರ, ನಿಮ್ದು ದಿಂಬ ಉಳೀತು!” ಎಂದು ಕೂಗಿ ಎಸೆದ. ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಾಗ ಕೆಂಪು ದಿಂಬು ನಿಧಾನವಾಗಿ ಗಾಳಿಯಲ್ಲಿ ಬಂತು. ಅವನು ಗಾದಿ ಕೆಳಗಿಟ್ಟು ಅದನ್ನು ಎರಡೂ ಕೈಯಲ್ಲಿ, ಕೂಸನ್ನು ಹಿಡಿದ ಹಾಗೆ, ಹಿಡಿದ.

ಕೋಟೆಯ ಕಡೆಯ ಓಣಿಯ ಆ ಪಡಸಾಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ತೊಟ್ಟಿಲಿಗೆ ಹಸಿರು ರವಿಕೆಬಟ್ಟೆ ಕಟ್ಟಿದ್ದರು. ಸೂಗಮ್ಮನಲ್ಲದೆ ನೆರೆಮನೆಯ ನಾಲ್ವರು ಕೂತಿದ್ದರು. ಅವರಲ್ಲಿ ಬಾಯಿ ಜೋರಿನವಳು ಸುಂದರಬಾಯಿ. ಮಾಣಿಕಮ್ಮ ಒಳಬಾಗಿಲ ಚೌಕಟ್ಟಿಗೆ ಒರಗಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವನು ದಿಂಬನ್ನು ಕಂಕುಳಲ್ಲೇ ಒತ್ತಿಕೊಂಡು ಗಾದಿ ಬಿಚ್ಚಿ ಹಾಸಿದ. ಬಿಚ್ಚಿದ ಕೂಡಲೇ ಹಲಗೆಯಂತೆ ನೆಟ್ಟಗೆ ಬಿದ್ದ ಸದ್ದಿಗೆ ಅವನ ಕಿವಿ ಬಿಸಿಯಾಯಿತು.

ಸುಂದರಬಾಯಿ ಮೊದಲು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಕೈಯೆತ್ತಿ ಬೆರಳ ಗೆಣ್ಣು ಉಜ್ಜಿಕೊಂಡು, “ಸೂಗವ್ವಾ, ಸ್ವಲ್ಪ ಎಣ್ಣಿ ತಾರವಾ, ಕೈ ಉಳುಕಿತು,” ಎಂದಳು. ಎಲ್ಲರೂ ನಕ್ಕರು. ಉಳಿದವರು ಒತ್ತಿದ್ದು ಬರೀ ಆಟಕ್ಕೆ. ಯಾರ ಬಳೆಯೂ ಮುಳುಗಲಿಲ್ಲ. ಬಟ್ಟೆಗೆ ತಾಗಿ ಸದ್ದು ಮಾಡಿತು.

“ಗಂಡು ಇದ್ದಾಗ ಬೂರಗ, ಹೆಣ್ಣಂದ ಮ್ಯಾಲ ಹಲಗಿ,” ಎಂದಳು ಸುಂದರಬಾಯಿ. “ಮಾಸ್ತರರ ಲೆಕ್ಕ ಚಲೋ ಅದ.”

“ಹಂಗಲ್ರಿ,” ಎಂದ ವೈಜನಾಥ.

“ಹ್ಯಾಂಗ ಮತ್ತ?”

ಸೂಗಮ್ಮ ನಗಲಿಲ್ಲ. ಅಳಿಯನ ಮಾನ ತನ್ನ ಮಾನವೂ ಆಗಿತ್ತು. “ಹೋಗ್ಲಿ ಬಿಡ್ರಿ, ಅಂಗಡಿಯವ ಮೋಸ ಮಾಡ್ಯಾನ, ಅಳಿಯಂದ್ರಿಗೆ ಏನ್ ತಿಳೀತದ,” ಎಂದು ಎದ್ದು ಒಳಹೋದಳು. ಬರುವಾಗ ಅವಳ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಕತ್ತರಿ ಇತ್ತು. ಗಂಟು ಬಿಚ್ಚಿದಾಗ ಬೂರಗದ ಅರಳೆ ತಾನಾಗಿ ಉಬ್ಬಿ ಎದ್ದಿತು. ಒಂದೆರಡು ಎಳೆ ಹಾರಿ ತೊಟ್ಟಿಲ ಹಗ್ಗಕ್ಕೆ ಅಂಟಿಕೊಂಡವು. “ಮೋರಖಂಡಿ ಹೊಲದ ಗಿಡದ್ದು. ವರ್ಷದಿಂದ ಕೂಡಿಸಿಟ್ಟೀನಿ. ಇದನ್ನ ತೆಗದು ಅದನ್ನ ತುಂಬಿದ್ರ ಆತು. ಗಾದಿ ಅಪ್ಪಂದೇ ಆಗತದ.” ಅವಳು ಗಾದಿಯ ತುದಿಯ ಹೊಲಿಗೆಗೆ ಕತ್ತರಿ ಹಾಕಿದಳು. ಕರ್ ಅಂತ ಒಂದು ಟಾಕು ಹೋಯಿತು.

“ಬ್ಯಾಡ್ರಿ ಅತ್ತಿ.”

“ಒಂದು ತಾಸಿನ ಕೆಲಸ ರಿ. ನೀವು ಚಹಾ ಕುಡೀರಿ.” ಇನ್ನೊಂದು ಟಾಕು.

ವೈಜನಾಥನಿಗೆ ಪಡಸಾಲೆ ಸಣ್ಣದಾಗುತ್ತಿರುವಂತೆ ಅನ್ನಿಸಿತು. ಬಾಗಿಲಲ್ಲಿ ಹೆಂಡತಿ, ಎದುರಿಗೆ ಐದು ಹೆಂಗಸರು, ಹಿಂದೆ ತೊಟ್ಟಿಲು. ಮೇಲೆ ಹಾರುತ್ತಿದ್ದ ಅರಳೆ ಅವನ ತುಟಿಗೆ, ಮೂಗಿಗೆ ಹತ್ತಿತು. ಅವನು ಅದನ್ನು ಒರೆಸಿಕೊಂಡ. ಆಗ ಆ ಸುಳ್ಳು, ಎಲ್ಲೋ ಮೊದಲೇ ತಯಾರಾಗಿ ಕೂತಿದ್ದಂತೆ, ತಾನಾಗಿ ಬಂತು.

“ಡಾಕ್ಟರ ಹೇಳ್ಯಾರ. ಮೆತ್ತಗಿಂದು ಬ್ಯಾಡಂತ. ಬೆನ್ನೆಲುಬಿಗೆ ಚಲೋ ಅಲ್ಲಂತ.”

ಸೂಗಮ್ಮನ ಕತ್ತರಿ ನಿಂತಿತು. ಡಾಕ್ಟರ ಅಂದ ಮೇಲೆ ಅವಳಲ್ಲಿ ಒಂದು ಭಯವಿತ್ತು. “ಹೌದಾ? ಮೊದಲೇ ಹೇಳಬಾರ್ದೇನ್ರಿ?” ಸುಂದರಬಾಯಿ ಕೂಡ, “ಈಗಿನ ಡಾಕ್ಟರರು ಏನೇನೋ ಹೇಳತಾರವಾ,” ಎಂದು ತಣ್ಣಗಾದಳು. ಮುಗಿದೇಹೋಯಿತು. ಇಷ್ಟೇ ಇತ್ತು. ವೈಜನಾಥ ಹಣೆಯ ಬೆವರು ಒರೆಸಿಕೊಳ್ಳಲು ಕೈಯೆತ್ತಿದ. ಕಂಕುಳಿಂದ ದಿಂಬು ಜಾರಿ ಸದ್ದಿಲ್ಲದೆ ನೆಲಕ್ಕೆ ಬಿತ್ತು.

“ಆ ಡಾಕ್ಟರ ಆಗ ಎಲ್ಲಿ ಹೋಗಿದ್ರು?”

ಮಾಣಿಕಮ್ಮ ಕೇಳಿದ್ದಳು. ಅವನು ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಸುಮ್ಮನೆ, ಇದ್ದಿದ್ದರೆ ಚೆನ್ನಾಗಿತ್ತಲ್ಲ ಅನ್ನುವ ಹಾಗೆ ಕೇಳಿದ್ದಳು. ಆಮೇಲೆ ಬಗ್ಗಿ, ಕೂಸನ್ನು ಒಂದು ಕೈಯಲ್ಲಿ ಹಿಡಿದು ದಿಂಬನ್ನು ಎತ್ತಿಕೊಂಡಳು. “ಇದು ಯಾಕ ಮತ್ತ? ಇದು ಮೆತ್ತಗದ.”

ಕೂಸು ಮಿಸುಕಿ ಅಳತೊಡಗಿತು. ಹಸಿವಿನ ಅಳು. ಮಾಣಿಕಮ್ಮ ಉತ್ತರಕ್ಕೆ ಕಾಯದೆ ಹೊರಬಾಗಿಲಿಗೆ ಬಂದು ಅಭ್ಯಾಸದಂತೆ ಅಂಗಳದ ಕಡೆ ತಿರುಗಿ ಕೂತಳು, ಸೆರಗು ಎಳೆದುಕೊಂಡಳು. ಮಣ್ಣಿನ ಮೇಲೆ ಹಾಲು ಬೀಳುವ ಸಣ್ಣ ಸದ್ದು ಅವನಿಗೆ ಕೇಳಿಸಿತು. ಒಂದು. ಎರಡು. ಸೂಗಮ್ಮ, “ಬಿಸಿ ನೋಡು,” ಎಂದಳು.

“ಹಾಲಲ್ಲ,” ಎಂದ ವೈಜನಾಥ.

ಯಾರಿಗೂ ಅರ್ಥವಾಗಲಿಲ್ಲ. ಅವನಿಗೂ ತಾನು ಹೇಳಿದ್ದು ಇನ್ನೂ ಹಿಂದೆ ತೆಗೆದುಕೊಳ್ಳಬಹುದಾದ ಮಾತು ಅನ್ನಿಸಿತು. ಎದ್ದುಹೋಗಬಹುದು. ನೀರು ಕೇಳಬಹುದು. ಆದರೆ ಬಾಗಿಲಲ್ಲಿ ಅವಳು ಕೂತಿದ್ದಳು, ಅವಳನ್ನು ದಾಟದೆ ಹೊರಗೆ ದಾರಿ ಇರಲಿಲ್ಲ.

“ಹಾಲಿಂದ ಆಗಿದ್ದಲ್ಲ. ಅವ ಬೋರಲ ಬಿದ್ದಿದ್ದ. ಮುಖ ಗಾದ್ಯಾಗ ಹೋಗಿತ್ತು. ನಂಗ ಮೊದಲ ಎಚ್ಚರಾತು. ನಾ ಹೊರಳಿಸಿ ಹಾಕ್ದೆ.” ಉಸಿರು ತೆಗೆದುಕೊಂಡ. “ಹಾಕಿ ಮಲಕೊಂಡೆ. ನೀ ಏಳೂ ತನಕ.”

ಓಣಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಸುಂದರಬಾಯಿ ಮೊದಲು ಎದ್ದಳು. ಉಳಿದ ಮೂವರೂ ಸೆರಗು ಸರಿಪಡಿಸಿಕೊಂಡು, ಗಾದಿಯನ್ನು ತುಳಿಯದಂತೆ ಗೋಡೆಯ ಗುಂಟ ಹೋದರು. ಸೂಗಮ್ಮ ಕತ್ತರಿ ಕೆಳಗಿಟ್ಟಳು. ಬೂರಗವನ್ನು ಹಿಡಿಹಿಡಿಯಾಗಿ ಗಂಟಿಗೆ ತುರುಕತೊಡಗಿದಳು. ಅದು ತುರುಕಿದಷ್ಟೂ ಬೆರಳ ಸಂದಿಯಿಂದ ಮೇಲೆದ್ದು ಬರುತ್ತಿತ್ತು. ಆಮೇಲೆ ಎದ್ದು ಸೂಜಿದಾರ ತಂದು, ತಾನು ಕತ್ತರಿಸಿದ ಎರಡು ಟಾಕನ್ನು ಮತ್ತೆ ಹಾಕಲು ಕೂತಳು. ದಾರ ಸೂಜಿಗೆ ಹೋಗಲಿಲ್ಲ. ಬಾಯಲ್ಲಿಟ್ಟು ತೇವ ಮಾಡಿದಳು, ಹೋಗಲಿಲ್ಲ. ಮಗಳ ಬೆನ್ನಿನ ಕಡೆ ನೋಡಿದಳು, ಮತ್ತೆ ದಾರವನ್ನು ಬಾಯಲ್ಲಿಟ್ಟಳು.

ಮಾಣಿಕಮ್ಮನ ಬೆನ್ನು ಅಲುಗಲಿಲ್ಲ. ಕೂಸಿನ ಅಳು ಏರಿ ಏರಿ, ಒಮ್ಮೆಲೇ ನಿಂತಿತು. ಚಪ್ಪರಿಸುವ ಸದ್ದು. ಮೂರನೆಯ ಎಳೆ ನೆಲಕ್ಕೆ ಬಿದ್ದಿರಲಿಲ್ಲ ಎಂದು ವೈಜನಾಥನಿಗೆ ತಡವಾಗಿ ಹೊಳೆಯಿತು. ಅವಳು ಮುಂಗೈಯನ್ನೂ ನೋಡಿಕೊಂಡಿರಲಿಲ್ಲ. ಕೂಸಿನ ಒಂದು ಕಾಲು ಸೆರಗಿನಿಂದ ಹೊರಬಂದು, ಗಾಳಿಯನ್ನು ಒದೆಯುತ್ತ, ಆಮೇಲೆ ಒದೆಯುವುದನ್ನು ಮರೆತು ಬೆರಳು ಅರಳಿಸಿ ನಿಂತಿತು. ಅವನಿಗೆ ಕೂರಬೇಕೆನಿಸಿತು. ಕೂರಿ ಎಂದು ಯಾರೂ ಹೇಳಲಿಲ್ಲ. ಹೋಗಿ ಎಂದೂ ಹೇಳಲಿಲ್ಲ. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಅವನು ಮೂರು ವರ್ಷ ಅಂದುಕೊಂಡಿದ್ದ.

ಕೂಸನ್ನು ಇನ್ನೊಂದು ಮೊಲೆಗೆ ಹಾಕಿಕೊಂಡು ಅವಳು ಕೇಳಿದಳು, ತಿರುಗದೆ. “ದಿಂಬು ಯಾರು ಕೊಟ್ರು?”

“ಅಂಗಡ್ಯಾಕಿ. ಸರ್ದಾರಬಿ.”

“ಯಾರಿಗೆ?”

“ದೊಡ್ಡವಗ.” ತೊಟ್ಟಿಲ ಹಗ್ಗಕ್ಕೆ ಅಂಟಿದ್ದ ಅರಳೆಯ ಎಳೆಯನ್ನು ಅವನು ಕಿತ್ತ. “ಅವರಿಗೆ ಗೊತ್ತಿಲ್ಲ. ಹ್ಯಾಂಗ ಅದಾನ ಅಂತ ಕೇಳಿದ್ರು. ಓಡಾಕತ್ತಾನ ಅಂದೆ.”

ಅವಳು ತೊಡೆಯ ಮೇಲಿದ್ದ ದಿಂಬನ್ನು ನೋಡಿದಳು. ಬಲಗೈಯ ಮುಷ್ಟಿ ಕಟ್ಟಿ ಅದರ ಮೇಲಿಟ್ಟಳು. ಒತ್ತಲೂ ಇಲ್ಲ, ಕೈಯ ಭಾರಕ್ಕೇ ಹಸಿರು ಬಳೆಗಳು ಒಂದೊಂದಾಗಿ ಮುಳುಗಿ ಹೋದವು. ಕೈ ತೆಗೆದ ಮೇಲೂ ಕುಳಿ ಹಾಗೇ ಇತ್ತು. ಅವಳು ಅದನ್ನು ತಟ್ಟಿ ಸಮ ಮಾಡಲಿಲ್ಲ. ಹಾಗೇ, ಕುಳಿ ಇದ್ದ ಹಾಗೇ, ಎತ್ತಿ ಅವನ ಕಡೆ ಚಾಚಿದಳು.

“ಇವತ್ತು ನೀವೊಬ್ರೇ ಹೋಗ್ರಿ. ಗಾದಿ ಇಲ್ಲೇ ಇರ್ಲಿ, ಕೂಸು ಅದರ ಮ್ಯಾಲೇ ಮಲಗತದ. ಇದನ್ನ ಆಕಿಗೆ ವಾಪಸ್ ಕೊಡ್ರಿ.”

“ಏನಂತ ಕೊಡ್ಲಿ?”

ಮಾಣಿಕಮ್ಮ ಆಗ ತಿರುಗಿದಳು. ಮೂರು ವರ್ಷದ ಹಿಂದೆ ಒಂದೇ ಸಲ ನೋಡಿದ್ದಳಲ್ಲ, ಹಾಗೆ ನೋಡಿದಳು. ಈ ಸಲ ಅವನಿಗೆ ಎದ್ದುಹೋಗಲು ನೀರು ಕೇಳುವವರು ಯಾರೂ ಹೊರಗಿರಲಿಲ್ಲ.

“ಓಡಾಕತ್ತಿಲ್ಲ ಅಂತ ಹೇಳ್ರಿ,” ಎಂದಳು.